ಅಮ್ಮ ಕಟ್ಟಿದ ಮುಡಿಪು

ಕೊರೊನಾ ಕಳೆದ ಮರುವರ್ಷದ ಆಟಿ ಅಮಾವಾಸ್ಯೆ ಅದು. ನಮ್ಮ ಕಡೆ ಆ ದಿನ ಬೆಳಿಗ್ಗೆ ಬೇರೇನೂ ತಿನ್ನುವ ಮೊದಲು ಹಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ಕ್ರಮ. ಸೂರ್ಯ ಮೂಡುವ ಮೊದಲೇ ತೊಗಟೆ ತರಬೇಕು, ಅದಕ್ಕೆ ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ತೊಗಟೆ ತರುತ್ತಿದ್ದವನು ನನ್ನ ತಮ್ಮ ಯತೀಶ. ಪಕ್ಕದ ಮನೆಯ ಲಿಲ್ಲಿ ಬಾಯಿಗೂ ಒಂದು ತುಂಡು ಕೊಡುತ್ತಿದ್ದ. ಅವರು ಕ್ರಿಶ್ಚಿಯನರು, ಅವರಿಗೆ ಈ ಕ್ರಮ ಇಲ್ಲ. ಆದರೂ "ಕಹಿಗೆ ಜಾತಿ ಉಂಟಾ ಮಾರಾಯ?" ಎಂದು ಮೂಗು ಹಿಡಿದುಕೊಂಡು ಕುಡಿಯುತ್ತಿದ್ದರು.

ಆ ವರ್ಷ ಬೆಳಕು ಹರಿದರೂ ಯತೀಶ ಏಳಲಿಲ್ಲ. ಒಲೆಯ ಮೇಲೆ ಅಮ್ಮ ಇಟ್ಟ ನೀರು ಕುದಿದು ಕುದಿದು ಅರ್ಧವಾಯಿತು. ನಾನು ಎಬ್ಬಿಸಲು ಹೋದೆ. ಒಂದೆರಡು ಸಲ ಕರೆದೆ, ಅವನು ಮಗ್ಗುಲು ಬದಲಿಸಿದ ಅಷ್ಟೆ. ಗೂಟದಲ್ಲಿದ್ದ ಅವನ ಅಂಗಿಯನ್ನು ಒಗೆಯಲು ತೆಗೆದಾಗ ಕಿಸೆಯಲ್ಲಿ ಏನೋ ಕೈಗೆ ಸಿಕ್ಕಿತು. ಬೀಡಿ. ಮಾಮೂಲಿ ಬೀಡಿಗಿಂತ ಉದ್ದ, ಕಟ್ಟಿದ ಕೈ ಹೊಸತು. ಆದರೆ ಎಲೆ ನನ್ನದು. ನಾನು ನೆನೆಸಿ, ಒರೆಸಿ, ಕತ್ತರಿಸಿಟ್ಟ ಎಲೆ ನನಗೆ ಗೊತ್ತಾಗದೆ ಇರುತ್ತದೆಯೇ? ಮೂಸಿ ನೋಡಿದೆ. ಒಳಗೆ ಇದ್ದದ್ದು ಹೊಗೆಸೊಪ್ಪು ಅಲ್ಲ.

ನಮ್ಮ ಮನೆ ತೊಕ್ಕೊಟ್ಟಿನಿಂದ ಸ್ವಲ್ಪ ಒಳಗೆ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಅಪ್ಪ ಹೋದ ಮೇಲೆ ನಾನೂ ಏಳನೆಯ ತರಗತಿಗೆ ಶಾಲೆ ಬಿಟ್ಟು ತಡ್ಪೆ ಎನ್ನುವ ಬೀಡಿಯ ಮೊರವನ್ನು ಮಡಿಲಿಗೆ ಎಳೆದುಕೊಂಡು ಎಲೆ, ಸೊಪ್ಪು, ನೂಲು ಎಂದು ಕುಳಿತವಳು. ತಮ್ಮ ಓದಬೇಕು ಎಂಬುದು ನನ್ನ ಆಸೆಯೂ ಆಗಿತ್ತು. ಅವನು ಐಟಿಐ ಮುಗಿಸಿ ಕದ್ರಿಯ ಒಂದು ಅಂಗಡಿಯಲ್ಲಿ ಎ.ಸಿ. ರಿಪೇರಿ ಕೆಲಸಕ್ಕೆ ಸೇರಿದ್ದ. ದೋಹಾದಲ್ಲಿದ್ದ ಮಾವನ ಮಗ, ಅಲ್ಲಿಗೆ ಕರೆಸಿಕೊಳ್ಳುತ್ತೇನೆ ಎಂದಿದ್ದ. ಪಾಸ್‌ಪೋರ್ಟ್ ಆಗಿತ್ತು. ವೀಸಾ ಬರುವುದೊಂದೇ ಬಾಕಿ.

ಶಾಲೆ ಬಿಟ್ಟರೂ ನನಗೆ ಓದುವ ರುಚಿ ಉಳಿದದ್ದು ಲಿಲ್ಲಿ ಬಾಯಿಯಿಂದ. ಅವರು ಬಾಲವಾಡಿಯಲ್ಲಿ ಟೀಚರ್ ಆಗಿದ್ದವರು. ಎರಡು ಮನೆಯ ನಡುವಿನ ಬೇಲಿಯಲ್ಲಿ ಒಂದು ತಡಮೆ ಇತ್ತು. ಅದನ್ನು ದಾಟಿ ಮಧ್ಯಾಹ್ನ ಬಂದು, ನಾನು ಬೀಡಿ ಕಟ್ಟುವಾಗ ಪಕ್ಕದಲ್ಲಿ ಕುಳಿತು ಈ ಪತ್ರಿಕೆಯನ್ನೇ ಗಟ್ಟಿಯಾಗಿ ಓದುತ್ತಿದ್ದರು. ಮೊದಲು ತೆರೆಯುವುದು ಓದುಗರು ತಮ್ಮ ತಪ್ಪು ಒಪ್ಪಿ ಬರೆಯುವ ಈ ಪುಟ. ಕೆಲವು ಸಲ ಓದಿ ಮುಗಿಸಿ ಕನ್ನಡಕ ತೆಗೆದು, "ಜಯಂತಿ, ಇವಳು ತಪ್ಪನ್ನು ಅರ್ಧ ಮಾತ್ರ ಹೇಳಿದ್ದಾಳೆ ನೋಡು. ಉಳಿದರ್ಧ ಮನೆಯಲ್ಲೇ ಇಟ್ಟುಕೊಂಡಿದ್ದಾಳೆ" ಎಂದು ನಗುತ್ತಿದ್ದರು. ಅವರ ಮಗ ಮೆಲ್ವಿನ್ ಮತ್ತು ಯತೀಶ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು.

ಆ ದಿನ ಯತೀಶ ಎದ್ದ ಮೇಲೆ ಬೀಡಿಯನ್ನು ಅವನ ಮುಂದೆ ಹಿಡಿದೆ. ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಇದೆಂತದು?"

"ಬೀಡಿ."

"ಬೀಡಿ ಎಂದರೆ ಎಂತ ಅಂತ ನೀನು ನನಗೆ ಹೇಳಿಕೊಡ್ತೀಯಾ?"

ಅವನು ನಕ್ಕ. "ಕೋಪ ಮಾಡಬೇಡ ಅಕ್ಕ. ನೀನು ಊರಿಗೆಲ್ಲ ಕಟ್ಟಿ ಕಳಿಸ್ತಿ, ಎಳೆದು ಕೆಮ್ಮುವವರು ಎಷ್ಟು ಜನ ಅಂತ ಯಾರಾದರೂ ಕೇಳಿದ್ದಾರಾ? ನಾನು ಎಲ್ಲೋ ವಾರಕ್ಕೊಮ್ಮೆ ನನಗೆ ಮಾತ್ರ ಕಟ್ಟಿಕೊಳ್ತೇನೆ. ನಿನಗೆ ಪಿ.ಎಫ್. ಉಂಟು, ನನಗೆ ಪೊಲೀಸ್ ಉಂಟು. ಅಷ್ಟೇ ವ್ಯತ್ಯಾಸ."

"ದೋಹಾಕ್ಕೆ ಹೋಗಿ ಅಲ್ಲಿ ಸಿಕ್ಕಿಬಿದ್ದರೆ ಗೊತ್ತಾಗ್ತದೆ ನಿನಗೆ."

"ಅಲ್ಲಿಗೆ ಹೋಗುವ ಮೊದಲು ಬಿಡ್ತೇನೆ ಮಾರಾಯ್ತಿ. ಅಮ್ಮನಿಗೆ ಹೇಳಬೇಡ."

ನಾನು ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಮನೆಯೊಳಗೆ ಒಂದು ಜಗಳ ಆಗಿ ಮುಗಿಯುತ್ತಿತ್ತು.

ನಮ್ಮ ಕುಟುಂಬದ ಕೋಲದಲ್ಲಿ, ದಾರಿ ತಪ್ಪಿದ ಗಂಡಸರನ್ನು ದೈವ ಎದುರಿಗೆ ಕರೆದು ನಿಲ್ಲಿಸಿ ಎಲ್ಲರ ಮುಂದೆ ಗದರಿಸುವುದುಂಟು. ಅಪ್ಪನ ಕುಡಿತ ಹಾಗೆಯೇ ಕಡಿಮೆಯಾದದ್ದನ್ನು ನಾನು ಚಿಕ್ಕವಳಿರುವಾಗ ಕಣ್ಣಾರೆ ಕಂಡಿದ್ದೆ. ಅಪ್ಪ ನಡುಗುತ್ತಾ ಕೈಮುಗಿದು ನಿಂತಿದ್ದರು. ಗದರಿಸಿ ಆದ ಮೇಲೆ ದೈವ ಅವರ ಕೈಗೆ ಗಂಧ ಹಾಕಿ "ನಾನಿದ್ದೇನೆ, ಹೋಗು" ಎಂದಿತ್ತು. ಪೊಲೀಸರೂ ಹಾಗೆಯೇ ಎಂದು ನಾನು ತಿಳಿದೆ. ಒಮ್ಮೆ ಗದರಿಸಿದರೆ ಅವನು ಹೆದರುತ್ತಾನೆ, ಆಮೇಲೆ ಬೆನ್ನು ತಟ್ಟಿ ಮನೆಗೆ ಕಳಿಸುತ್ತಾರೆ. ಓದಿದವರಿಗೆ ಇದು ನಗು ತರಿಸಬಹುದು. ನನ್ನ ತಲೆಗೆ ಹೊಳೆದದ್ದು ಅಷ್ಟೇ.

ಆದರೆ ಲಿಲ್ಲಿ ಬಾಯಿ ಹೇಳುತ್ತಿದ್ದ ಹಾಗೆ ಅರ್ಧ ಮಾತ್ರ ಹೇಳಬಾರದು. ಅವನ ಒಳ್ಳೆಯದಕ್ಕೆ ಎಂಬುದು ಅರ್ಧ. ಉಳಿದರ್ಧ ಸಿಟ್ಟು. ನನ್ನ ಬೆನ್ನು ಬಾಗಿದ್ದು, ನನ್ನ ಮದುವೆಯ ಮಾತುಗಳು ಒಂದೊಂದಾಗಿ ತಪ್ಪಿದ್ದು, ಎಲ್ಲ ಅವನಿಗಾಗಿ ಎಂದು ನನ್ನೊಳಗೆ ಒಂದು ಕಡೆ ಇತ್ತು. ಅವನು ನನ್ನ ಎಲೆಯನ್ನೇ ತೆಗೆದು ಅದರಲ್ಲಿ ಗಾಂಜಾ ಸುತ್ತಿಕೊಂಡು, ಮೇಲಿಂದ ನನ್ನನ್ನೇ ತಮಾಷೆ ಮಾಡಿದ. ಅವನು ಒಮ್ಮೆ ಚೆನ್ನಾಗಿ ಹೆದರಲಿ, ಒಮ್ಮೆ ಅಳಲಿ ಎಂದು ನನಗೆ ಅನ್ನಿಸಿತ್ತು.

ನಮ್ಮ ರಸ್ತೆಯ ಕೊನೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಸದಾನಂದಣ್ಣನ ಮನೆ. ಒಳ್ಳೆಯ ಮನುಷ್ಯ. ಊರಿನ ಕೋಳಿ ಜಗಳದಿಂದ ಹಿಡಿದು ಗಂಡ ಹೆಂಡತಿ ಜಗಳದವರೆಗೆ ಎಲ್ಲದಕ್ಕೂ ಜನ ಅವರ ಅಂಗಳಕ್ಕೆ ಹೋಗುತ್ತಿದ್ದರು. ನಾನು ಹೋದಾಗ ಅವರು ಲುಂಗಿ ಎತ್ತಿ ಕಟ್ಟಿ ಅಂಗಳದ ಪಾಚಿ ಕೆರೆಯುತ್ತಿದ್ದರು.

"ಎಂತ ಜಯಂತಿ, ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೊರಟದ್ದಾ?"

"ಯತೀಶನನ್ನು ಸ್ವಲ್ಪ ಹೆದರಿಸಬೇಕಿತ್ತು, ಸದಾನಂದಣ್ಣ."

"ಯಾಕೆ, ಹುಡುಗಿ ವಿಷಯವಾ?" ಎಂದು ನಕ್ಕರು.

ನಾನು ಹೇಳಿದೆ. ಅವರು ಪೊರಕೆ ಬದಿಗಿಟ್ಟರು. "ಈಗ ಮನೆ ಮನೆಯಲ್ಲೂ ಇದೇ ಕಥೆ. ನೀನು ತಲೆಬಿಸಿ ಮಾಡಬೇಡ. ಒಂದು ಸಂಜೆ ಸ್ಟೇಷನ್ನಿನಲ್ಲಿ ಕೂರಿಸುವ, ಕಿವಿ ಹಿಂಡಿ ಕಳಿಸುವ. ಮತ್ತೆ ಆ ದಿಕ್ಕಿಗೆ ತಲೆ ಹಾಕ್ಲಿಕ್ಕಿಲ್ಲ. ಯಾವಾಗ ಸಿಗ್ತಾನೆ?"

ಹಿಂದಿನ ದಿನ ಯತೀಶ ತೆಂಗಿನ ಮರದ ಅಡಿಯಲ್ಲಿ ನಿಂತು ಮೆಲ್ವಿನ್ ಜೊತೆ ಫೋನಿನಲ್ಲಿ ಮಾತಾಡುವುದು ನನ್ನ ಕಿವಿಗೆ ಬಿದ್ದಿತ್ತು. "ಶನಿವಾರ ನಾನೇ ತರ್ತೇನೆ, ನೀನು ಸ್ಟಾಪಿಗೆ ಬಾ" ಎಂದಿದ್ದ. ನಾನು ಸದಾನಂದಣ್ಣನಿಗೆ ಶನಿವಾರ ಎಂದೆ. ಯಾವ ಬಸ್ಸಿನಲ್ಲಿ ಬರುತ್ತಾನೆ, ಎಲ್ಲಿ ಇಳಿಯುತ್ತಾನೆ, ಟೂಲ್ಸ್ ಹಾಕುವ ಬ್ಯಾಗಿನ ಬಣ್ಣ ಯಾವುದು, ಎಲ್ಲ ಹೇಳಿದೆ. ಅವರು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆ.

"ನಾನು ಹೇಳಿದ್ದು ಅಂತ ಮನೆಯಲ್ಲಿ ಗೊತ್ತಾಗಬಾರದು ಅಣ್ಣ."

"ನನಗೆಂತಕ್ಕೆ ಮಾರಾಯ್ತಿ? ನೀನು ಹೋಗು."

ಶನಿವಾರ ಸಂಜೆ ನಾನು ಬೀಡಿ ಕಟ್ಟು ಮಾಡುತ್ತಾ ಕುಳಿತಿದ್ದೆ. ಅಮ್ಮ ಆಗಷ್ಟೇ ದೀಪ ಇಟ್ಟಿದ್ದಳು. ಇವತ್ತು ಅವನು ಕೆಂಪು ಕಣ್ಣು ಮಾಡಿಕೊಂಡು ಬರುತ್ತಾನೆ, ನಾನು ಏನೂ ಗೊತ್ತಿಲ್ಲದವಳ ಹಾಗೆ ಊಟ ಬಡಿಸಬೇಕು ಎಂದು ಯೋಚಿಸುತ್ತಿದ್ದೆ. ಅವನಿಗೆ ಇಷ್ಟ ಎಂದು ಬಂಗುಡೆ ಸಾರು ಮಾಡಿದ್ದೆ. ಫೋನ್ ಬಂತು. ಸದಾನಂದಣ್ಣನ ಸ್ವರ ಬಹಳ ಸಣ್ಣಗಿತ್ತು.

"ಜಯಂತಿ, ನೀನು ಗಾಂಜಾ ಅಂತ ಹೇಳಿದ್ದಲ್ಲವಾ? ಇದು ಪೌಡರ್. ಎಂಡಿಎಂಎ. ಸಾಹೇಬರಿಗೆ ಹೇಳದೆ ಹೋಗುವ ಹಾಗಿಲ್ಲ, ಅವರು ಜೊತೆಗೇ ಬಂದರು. ತೂಗಿ ಆಯ್ತು, ಬರೆದೂ ಆಯ್ತು. ಇನ್ನು ನನ್ನ ಕೈಯಲ್ಲಿಲ್ಲ."

"ಕಿವಿ ಹಿಂಡಿ ಕಳಿಸ್ತೇವೆ ಅಂದಿದ್ರಲ್ಲ ಅಣ್ಣ?"

ಫೋನ್ ಕಟ್ ಆಯಿತು. ಮತ್ತೆ ಮಾಡಿದರೆ ತೆಗೆಯಲಿಲ್ಲ.

ಐದು ಜನ ಗೆಳೆಯರು ಸೇರಿ ತರಿಸಿದ್ದಂತೆ. ಮಣ್ಣಗುಡ್ಡದ ಹತ್ತಿರ ಯಾರೋ ಕೊಡುತ್ತಾರೆ, ಯತೀಶನಿಗೆ ಆ ದಿನ ಅದೇ ಬದಿಯಲ್ಲಿ ಎ.ಸಿ. ಕೆಲಸ ಇತ್ತು, ಹಾಗಾಗಿ ಅವನು ತಂದ. ಇಷ್ಟೇ ವಿಷಯ. ಆದರೆ ನಾವು ಹಿಡಿದ ವಕೀಲರು ನಮಗೆ ತಿಳಿಯುವ ಹಾಗೆ ಹೇಳಿದರು: "ನೋಡಿ ಅಮ್ಮಾ, ಐದು ಜನ ಸೇರಿ ತರಿಸಿದ್ದು ಅಂತ ಕೇಸಿನಲ್ಲಿ ಇಲ್ಲ. ಒಬ್ಬನ ಬ್ಯಾಗಿನಲ್ಲಿ ಇಷ್ಟು ಸಿಕ್ಕಿತು ಅಂತ ಉಂಟು. ಸ್ವಲ್ಪವೇ ಇದ್ದಿದ್ದರೆ ಸೇದುವವನು ಅನ್ನಬಹುದಿತ್ತು. ಇಷ್ಟು ಇದ್ದರೆ ಮಾರುವವನು."

"ಉಳಿದವರ ಹೆಸರು ಹೇಳಿದರೆ?" ಎಂದು ಅಮ್ಮ ಕೇಳಿದಳು.

"ಅವನು ಹೇಳುವುದಿಲ್ಲ ಅಂತ ಕೂತಿದ್ದಾನೆ. ಎಲ್ಲ ನನ್ನದೇ ಅಂತಾನೆ."

ನನ್ನ ತಮ್ಮ ಯಾರ ಹೆಸರನ್ನೂ ಕೊಡಲಿಲ್ಲ. ಅವನ ಹೆಸರು ಕೊಟ್ಟವಳು ನಾನು.

ಪೇಪರಿನಲ್ಲಿ ಫೋಟೋ ಬಂತು. ಮುಂದೆ ಮೇಜು, ಹಿಂದೆ ಪೊಲೀಸರು, ನಡುವೆ ತಲೆ ತಗ್ಗಿಸಿ ನಿಂತ ಯತೀಶ. ಕೆಳಗೆ ಡ್ರಗ್ ಪೆಡ್ಲರ್ ಎಂದು ದಪ್ಪ ಅಕ್ಷರ. ಆ ದಿನ ನಾನು ಬೀಡಿ ಬ್ರಾಂಚಿಗೆ ಹೋದಾಗ ಯಾವಾಗಲೂ ಬೆಂಚಿನ ಮೇಲೆ ಇರುವ ಪೇಪರು ಇರಲಿಲ್ಲ. ನಾನು ಬರುವುದನ್ನು ಕಂಡು ಯಾರೋ ತೆಗೆದಿಟ್ಟಿದ್ದರು. ಯಾರೂ ಏನೂ ಕೇಳಲಿಲ್ಲ. ಅವರ ಕರುಣೆ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮೊದಲ ಸಲ ಜೈಲಿನಲ್ಲಿ ಅವನನ್ನು ನೋಡಲು ಅಮ್ಮ ಮತ್ತು ನಾನು ಹೋದೆವು. ಜಾಲರಿಯ ಆಚೆ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅಮ್ಮ ಅಳುತ್ತಿದ್ದಳು. ಅವನು ಹೇಳಿದ, "ಅವರಿಗೆ ಎಲ್ಲ ಗೊತ್ತಿತ್ತು ಅಕ್ಕ. ಬಸ್ಸು ಗೊತ್ತಿತ್ತು, ಬ್ಯಾಗು ಗೊತ್ತಿತ್ತು. ನಾನು ತರುವ ದಿನ ಗೊತ್ತಿದ್ದದ್ದು ಮೆಲ್ವಿನ್ ಒಬ್ಬನಿಗೆ. ಸ್ಟಾಪಿಗೆ ಬರ್ತೇನೆ ಅಂದವನು ಬರಲೂ ಇಲ್ಲ."

ಅಮ್ಮನ ಅಳು ನಿಂತಿತು. "ಲಿಲ್ಲಿ ಬಾಯಿಯ ಮೆಲ್ವಿನಾ?" ಎಂದಳು.

ಆಗ ಹೇಳಬಹುದಿತ್ತು. ನನ್ನ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ. ನಾನು ನೆಲ ನೋಡುತ್ತಾ ನಿಂತೆ.

ಮನೆಗೆ ಬಂದವಳೇ ಅಮ್ಮ ಸ್ನಾನ ಮಾಡಿದಳು. ಒಂದು ಹೊಸ ಬಟ್ಟೆಯ ತುಂಡನ್ನು ಅರಿಶಿನದ ನೀರಿಗೆ ಅದ್ದಿ, ಅದರಲ್ಲಿ ಒಂದು ನಾಣ್ಯ ಇಟ್ಟು ಗಂಟು ಹಾಕಿದಳು. ಅದಕ್ಕೆ ಮುಡಿಪು ಎನ್ನುತ್ತೇವೆ. ಅನ್ಯಾಯ ಆದವರು ದೈವದ ಹೆಸರಿನಲ್ಲಿ ಕಟ್ಟಿಟ್ಟರೆ ಅದು ಕೋರ್ಟಿಗೆ ಕೊಟ್ಟ ಹಾಗೆ. ತಪ್ಪು ಮಾಡಿದವರು ತಾವಾಗಿ ಬಂದು ಒಪ್ಪಿ, ತಪ್ಪು ಕಾಣಿಕೆ ಹಾಕುವ ತನಕ ಗಂಟು ಬಿಚ್ಚುವ ಹಾಗಿಲ್ಲ. ಅಮ್ಮ ಅದನ್ನು ದೀಪದ ಪಕ್ಕ ಗೋಡೆಯ ಗೂಡಿನಲ್ಲಿ ಇಟ್ಟಳು. ನಾನು ಅವಳ ಹಿಂದೆ ಕೈಮುಗಿದು ನಿಂತಿದ್ದೆ. ಮನೆಯ ಮಗಳು ನಿಲ್ಲದಿದ್ದರೆ ಹೇಗೆ?

"ನನ್ನ ಮಗನ ಹೆಸರು ಹೇಳಿಕೊಟ್ಟವರು ಯಾರೇ ಇರಲಿ," ಎಂದಳು ಅಮ್ಮ, "ಅವರ ಕೈಗೆ ತುತ್ತು ಎತ್ತುವ ಶಕ್ತಿ ಇಲ್ಲದೆ ಹೋಗಲಿ."

ಮರುದಿನ ಲಿಲ್ಲಿ ಬಾಯಿ ತಡಮೆ ದಾಟಿ ಓಡಿ ಬಂದರು. "ಸರಸಕ್ಕ, ಜನ ಏನೇನೋ ಹೇಳ್ತಾರೆ. ನನ್ನ ಮಗ ಅಂಥವನಲ್ಲ. ಆ ದಿನ ಅವನಿಗೆ ಜ್ವರ. ನಾನೇ ಗಂಜಿ ಕೊಟ್ಟು ಮಲಗಿಸಿದ್ದು."

"ಜ್ವರಕ್ಕೂ ಶನಿವಾರವೇ ಸಿಕ್ಕಿತಲ್ಲ ಬಾಯಿ," ಎಂದಳು ಅಮ್ಮ. "ನೀವು ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚಿ. ನಾನು ಹೇಳುವಲ್ಲಿ ಹೇಳಿ ಆಗಿದೆ."

ಲಿಲ್ಲಿ ಬಾಯಿ ನನ್ನ ಕಡೆ ತಿರುಗಿದರು. "ಜಯಂತಿ, ನೀನಾದರೂ ಹೇಳು. ನಿನಗೆ ಮೆಲ್ವಿನ್ ಗೊತ್ತಿಲ್ಲವಾ?"

ನಾನು ಬೀಡಿಗೆ ನೂಲು ಸುತ್ತುತ್ತಿದ್ದೆ. ಸುತ್ತಿದ್ದಕ್ಕೇ ಮತ್ತೆ ಮತ್ತೆ ಸುತ್ತಿದೆ. ಅವರು ತಿರುಗಿ ತಡಮೆ ದಾಟಿ ಹೋದರು. ಸಂಜೆ ಅಮ್ಮ ಮುಳ್ಳಿನ ಗೆಲ್ಲು ಕಡಿದು ತಂದು ತಡಮೆಗೆ ಅಡ್ಡ ಇಟ್ಟಳು. ಅಲ್ಲಿಂದ ಮೇಲೆ ಈ ಪತ್ರಿಕೆಯನ್ನು ನನಗೆ ಯಾರೂ ಓದಿ ಹೇಳಲಿಲ್ಲ.

ದೀಪಾವಳಿ ಕಳೆಯಿತು, ಕ್ರಿಸ್ಮಸ್ ಕಳೆಯಿತು. ಆಮೇಲೆ ಯತೀಶನಿಗೆ ಜಾಮೀನು ಸಿಕ್ಕಿತು. ಬಂದವನು ಮೊದಲಿನ ಯತೀಶನಲ್ಲ. ತಮಾಷೆ ಇಲ್ಲ, ಮಾತಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಎದ್ದು ನಿಲ್ಲುತ್ತಿದ್ದ. ದೋಹಾದ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕು. ಕೇಸು ಮುಗಿಯುವ ತನಕ ಅದು ಸಿಗುವುದಿಲ್ಲ ಎಂದರು. ಮಾವನ ಮಗ ಬೇರೆ ಹುಡುಗನನ್ನು ಕರೆಸಿಕೊಂಡ. ಕದ್ರಿಯ ಅಂಗಡಿಯ ಧಣಿ ಬೈಯಲಿಲ್ಲ. "ನೋಡು ಯತೀಶ, ನಮ್ಮದು ಜನರ ಬೆಡ್‌ರೂಮಿನ ಒಳಗೆ ಹೋಗುವ ಕೆಲಸ. ನಾನು ನಂಬ್ತೇನೆ ಮಾರಾಯ, ಅವರು ನಂಬಬೇಕಲ್ಲ?" ಎಂದರಂತೆ. ಮತ್ತೆ ಸಿಕ್ಕಿದ ಕೆಲಸಗಳೂ ನಿಲ್ಲಲಿಲ್ಲ. ಕೋರ್ಟಿಗೆ ಹೋಗಲು ರಜೆ ಕೇಳಬೇಕು, ಯಾಕೆ ಎಂದರೆ ಹೇಳಬೇಕು, ಹೇಳಿದರೆ ಕೆಲಸ ಇಲ್ಲ. ಕೋರ್ಟಿನಲ್ಲಾದರೂ ಏನು? ಒಂದು ದಿನ ಸಾಕ್ಷಿ ಬಂದಿಲ್ಲ, ಇನ್ನೊಂದು ದಿನ ವರದಿ ಬಂದಿಲ್ಲ. ಇಡೀ ದಿನ ಹೊರಗೆ ನಿಂತು, ಮುಂದಿನ ದಿನಾಂಕ ಕೇಳಿಕೊಂಡು ಬರುವುದು. ಮೊದಲಿನ ಗೆಳೆಯರು ಯಾರೂ ಮಾತಾಡಿಸುತ್ತಿರಲಿಲ್ಲ. ಅವನು ಯಾರ ಹೆಸರನ್ನು ಉಳಿಸಿದ್ದನೋ ಅವರೂ. ಫೋನ್ ಮಾಡುತ್ತಿದ್ದವರು ಜೈಲಿನೊಳಗೆ ಪರಿಚಯವಾದವರು ಮಾತ್ರ. ವಾರಕ್ಕೊಂದು ಗಾಂಜಾ ಬೀಡಿ ಎಳೆಯುತ್ತಿದ್ದ ನನ್ನ ತಮ್ಮ ಆ ಮೇಲೆಯೇ ಪೌಡರಿನ ಚಟಕ್ಕೆ ಬಿದ್ದದ್ದು. ಅವನು ಯಾರಿಗೂ ಕೈ ಎತ್ತಿದವನಲ್ಲ, ಯಾರ ಮನೆಯಿಂದಲೂ ಒಂದು ಚಮಚ ತೆಗೆದವನಲ್ಲ. ಹಾಳು ಮಾಡಿಕೊಂಡದ್ದು ತನ್ನನ್ನು.

ಮುಂದಿನ ಮಳೆಗಾಲದಲ್ಲಿ ನೇತ್ರಾವತಿ ಸೇತುವೆಯ ಮೇಲೆ ಮೆಲ್ವಿನ್‌ನ ಸ್ಕೂಟರ್ ಜಾರಿತು. ಕಾಲು ಮುರಿದು ಒಳಗೆ ರಾಡ್ ಹಾಕಿದರು. ಸುದ್ದಿ ಕೇಳಿ ಅಮ್ಮ ದೀಪದ ಗೂಡಿನ ಕಡೆ ತಿರುಗಿ ಕೈಮುಗಿದಳು. "ಕಂಡೆಯಾ ಜಯಂತಿ? ದೈವ ಕಣ್ಣು ಬಿಟ್ಟಿತು." ಆ ವಾರ ದೈವಕ್ಕೆ ತಂಬಿಲ ಕೊಡಬೇಕು ಎಂದಳು. ಪೂಜೆಗೆ ನಾನೇ ತೆಂಗಿನಕಾಯಿ ತುರಿದೆ, ನಾನೇ ಅವಲಕ್ಕಿಗೆ ಬೆಲ್ಲ ಕಲಸಿದೆ. ನಾನು ಮಾಡಿದ ತಪ್ಪಿಗೆ ಪಕ್ಕದ ಮನೆಯ ಮಗನ ಕಾಲು ಮುರಿಯಿತು ಎಂದು ನಮ್ಮ ಮನೆಯಲ್ಲಿ ಸಿಹಿ. ಯತೀಶ ಊಟದ ಎಲೆಯ ಮುಂದಿನಿಂದ ಎದ್ದ. "ಕಾಲು ಮುರಿದದ್ದಕ್ಕೆ ಹಬ್ಬವಾ ಅಮ್ಮ?" ಎಂದಷ್ಟೇ ಹೇಳಿ ಹೊರಗೆ ಹೋದ. ಮೆಲ್ವಿನ್ ಬಂದು ಒಪ್ಪಿಕೊಂಡಿಲ್ಲ ಎಂದು ಅಮ್ಮ ಮುಡಿಪು ಮಾತ್ರ ಬಿಚ್ಚಲಿಲ್ಲ.

ಯತೀಶನ ಸ್ಥಿತಿ ನೋಡಲಾಗದೆ ಕೊನೆಗೆ ಒಂದು ದಿನ ಅವನನ್ನು ಆಸ್ಪತ್ರೆಯ ಚಟ ಬಿಡಿಸುವ ವಾರ್ಡಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಹೆಂಗಸು, ನನಗಿಂತ ಚಿಕ್ಕವರು. ಎಲ್ಲ ಕೇಳಿಸಿಕೊಂಡು, "ಗಾಂಜಾ ಇರುವಾಗಲೇ ಯಾಕೆ ಕರೆದುಕೊಂಡು ಬರಲಿಲ್ಲ?" ಎಂದರು.

"ಅದಕ್ಕೂ ಆಸ್ಪತ್ರೆಗೆ ಬರಬಹುದು ಅಂತ ಗೊತ್ತಿರಲಿಲ್ಲ ಡಾಕ್ಟ್ರೆ."

"ಬರಬಹುದು. ಕೇಸಾದ ಮೇಲೂ ಬರಬಹುದು. ಸ್ವಲ್ಪವೇ ಸಿಕ್ಕಿದವರು ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಕೇಸಿನಿಂದ ಬಿಡುವ ದಾರಿ ಕಾನೂನಿನಲ್ಲೇ ಉಂಟು. ಆದರೆ ಯಾರು ಹೇಳ್ತಾರೆ? ಇಲ್ಲಿಗೆ ಬರುವವರೆಲ್ಲ ಜೈಲು ನೋಡಿಯೇ ಬರುವುದು."

ನಮ್ಮ ರಸ್ತೆಯಲ್ಲಿ ಪೊಲೀಸರ ಮನೆ ಎಲ್ಲರಿಗೂ ಗೊತ್ತು. ಇಂಥ ಡಾಕ್ಟರ್ ಇದ್ದಾರೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ.

ವಾರ್ಡಿನಲ್ಲಿ ಅವನು ಸುಧಾರಿಸುತ್ತಿದ್ದ. ಊಟ ಸೇರುತ್ತಿತ್ತು. ಒಂದು ದಿನ ನಾನು ಹೋದಾಗ, "ಅಕ್ಕ, ಇಲ್ಲಿಯ ಎ.ಸಿ. ಶಬ್ದ ಕೇಳು. ಕಂಪ್ರೆಸರ್ ಹೋಗಿದೆ. ನನ್ನ ಹತ್ತಿರ ಬಿಟ್ಟರೆ ಸರಿ ಮಾಡ್ತಿದ್ದೆ" ಎಂದ. ಎಷ್ಟೋ ಕಾಲದ ಮೇಲೆ ಅವನ ಬಾಯಿಂದ ಕೆಲಸದ ಮಾತು ಬಂದಿತ್ತು. ಅಷ್ಟರಲ್ಲಿ ಕೋರ್ಟಿನ ದಿನ ಬಂತು. ಅರ್ಜಿ ಹಾಕುತ್ತೇನೆ, ಬರಬೇಕಾಗಿಲ್ಲ ಎಂದು ವಕೀಲರು ಹೇಳಿದರು. ಹೋಗದಿದ್ದರೆ ವಾರಂಟ್ ಆಗ್ತದೆ, ಮತ್ತೆ ಒಳಗೆ ಹಾಕ್ತಾರೆ ಎಂಬ ಹೆದರಿಕೆ ಅವನಿಗೆ. ಡಾಕ್ಟರ್ ಬೇಡ ಎಂದರೂ ಕೇಳದೆ ಎದ್ದು ಹೋದ. ಕೋರ್ಟಿನಲ್ಲಿ ಆ ದಿನವೂ ಏನೂ ಆಗಲಿಲ್ಲ. ಅವನು ವಾರ್ಡಿಗೆ ಹಿಂತಿರುಗಲೂ ಇಲ್ಲ.

ಈ ವರ್ಷ ಮಳೆ ಹಿಡಿಯುವ ಮೊದಲು, ಹಳೆಯ ಕೇಸು ಇದ್ದವರನ್ನೆಲ್ಲ ಸ್ಟೇಷನ್ನಿಗೆ ಕರೆಸಿ ಸಾಲಾಗಿ ನಿಲ್ಲಿಸಿ ಮೂತ್ರ ಪರೀಕ್ಷೆ ಮಾಡಿಸಿದರು. ಯತೀಶನ ಕಿಸೆಯಲ್ಲಿ ಏನೂ ಇರಲಿಲ್ಲ, ಕೈಯಲ್ಲಿ ಏನೂ ಇರಲಿಲ್ಲ. ಪರೀಕ್ಷೆಯಲ್ಲಿ ಬಂತು. ಹೊಸ ಕೇಸಾಯಿತು, ಹಳೆಯ ಜಾಮೀನು ಹೋಯಿತು. ಈಗ ಅವನು ಒಳಗೆ ಇದ್ದಾನೆ. ಕಾಯಿಲೆಯವನನ್ನು ಹಿಡಿದು, ಯಾಕೆ ಇನ್ನೂ ಗುಣವಾಗಿಲ್ಲ ಎಂದು ಶಿಕ್ಷೆ ಕೊಟ್ಟ ಹಾಗೆ ನನಗೆ ಕಾಣುತ್ತದೆ. ನನ್ನ ಓದು ಕಡಿಮೆ, ಕಾನೂನು ಗೊತ್ತಿಲ್ಲ. ಆದರೆ ನನ್ನ ತಮ್ಮನಿಂದ ಊರನ್ನು ಉಳಿಸಿದೆವು ಎಂದು ಯಾರಾದರೂ ಹೇಳಿದರೆ ನನಗೆ ಅರ್ಥವಾಗುವುದಿಲ್ಲ.

ಕಳೆದ ತಿಂಗಳು ನಾನೊಬ್ಬಳೇ ಅವನನ್ನು ನೋಡಲು ಹೋಗಿದ್ದೆ. ಅಮ್ಮನಿಗೆ ಈಗ ಮೊಣಕಾಲು ಬಗ್ಗುವುದಿಲ್ಲ. ಅವನು ತುಂಬಾ ಇಳಿದುಹೋಗಿದ್ದ.

"ಮೆಲ್ವಿನ್ ಕಾಲು ಹೇಗುಂಟು ಅಕ್ಕ?"

"ನಡೀತಾನೆ. ಸ್ವಲ್ಪ ಕುಂಟ್ತಾನೆ."

"ನನಗೆ ಸಿಟ್ಟಿಲ್ಲ ಅಂತ ಅವನಿಗೆ ಹೇಳು. ಇಲ್ಲಿ ಕೂತು ಕೂತು ಯೋಚನೆ ಮಾಡಿದೆ. ಹೀಗೆಲ್ಲ ಆಗ್ತದೆ ಅಂತ ಗೊತ್ತಿದ್ದು ಹೇಳಿರ್ಲಿಕ್ಕಿಲ್ಲ. ಒಮ್ಮೆ ಹೆದರಿಸಲಿ ಅಂತ, ನನ್ನ ಒಳ್ಳೆಯದಕ್ಕೇ ಹೇಳಿರಬಹುದು."

ಹಾಗೆ ಹೇಳುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ. ಜಾಲರಿ ಹಿಡಿದಿದ್ದ ನನ್ನ ಬೆರಳುಗಳನ್ನು ನೋಡುತ್ತಿದ್ದ. ಹೊತ್ತು ಮುಗಿದಿರಲಿಲ್ಲ. ಅಕ್ಕಪಕ್ಕದಲ್ಲಿ ಯಾರೂ ನಮ್ಮ ಮಾತು ಕೇಳುತ್ತಿರಲಿಲ್ಲ. ಒಂದೇ ಮಾತು ಸಾಕಿತ್ತು. ನಾನು "ಹೇಳ್ತೇನೆ" ಎಂದೆ.

ಈಗ ಕೆಲವು ಸಮಯದಿಂದ ನನ್ನ ಬಲಗೈಯ ಬೆರಳುಗಳು ಮರಗಟ್ಟುತ್ತವೆ. ಎಲೆಯ ಮಡಿಕೆ ಸರಿಯಾಗಿ ಕೂರುವುದಿಲ್ಲ, ಬ್ರಾಂಚಿನಲ್ಲಿ ಬೀಡಿ ವಾಪಸು ಬರುತ್ತದೆ. ಒಮ್ಮೊಮ್ಮೆ ಊಟ ಮಾಡುವಾಗ ತುತ್ತು ಬೆರಳಿನಿಂದ ಜಾರಿ ಬಟ್ಟಲಿಗೆ ಬೀಳುತ್ತದೆ. ಬೀಡಿ ಕಟ್ಟಿದವರಿಗೆಲ್ಲ ಇದು ಬರುತ್ತದೆ ಎಂದರು ಡಾಕ್ಟರ್. ಇರಬಹುದು. ಅಮ್ಮ ಮಧ್ಯಾಹ್ನ ಊಟವಾದ ಮೇಲೆ ಎಣ್ಣೆ ಬಿಸಿ ಮಾಡಿ ತಂದು, ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಬೆರಳನ್ನು ನೀವುತ್ತಾಳೆ. "ಪಾಪದ ಕೈ. ನಮಗಾಗಿ ದುಡಿದು ಹೀಗಾಯಿತು" ಎನ್ನುತ್ತಾಳೆ. ಅವಳ ತಲೆಯ ಮೇಲೆ, ಗೂಡಿನಲ್ಲಿ, ಮುಡಿಪಿನ ಹಳದಿ ಮಾಸಿದೆ. ದೀಪದ ಗೂಡು ಒರೆಸುವುದು ನನ್ನ ಕೆಲಸ. ಮುಡಿಪನ್ನು ಎತ್ತಿ, ಕೆಳಗಿನ ಧೂಳು ಒರೆಸಿ, ಇದ್ದಲ್ಲೇ ಇಡುತ್ತೇನೆ.

ಇದನ್ನು ಬರೆಯಲು ತುಂಬ ಸಮಯ ಹಿಡಿಯಿತು. ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಅಮ್ಮನಿಗೆ ಓದಲು ಬರುವುದಿಲ್ಲ. ಯತೀಶನ ಕೈಗೆ ಈ ಪತ್ರಿಕೆ ಸಿಗುವುದಿಲ್ಲ. ಆದರೆ ನಮ್ಮ ಪಕ್ಕದ ಮನೆಗೆ ಇದು ಇನ್ನೂ ಬರುತ್ತದೆ. ಲಿಲ್ಲಿ ಬಾಯಿ ಮೊದಲು ತೆರೆಯುವುದು ಈ ಪುಟವನ್ನೇ. ಹೆಸರು ಬೇರೆಯಾದರೂ ಹಾಲೆ ಮರದ ಕಷಾಯ, ಮುಳ್ಳು ಇಟ್ಟ ತಡಮೆ, ಮುರಿದ ಕಾಲು ಯಾರದ್ದು ಎಂದು ಅವರಿಗೆ ತಿಳಿಯುತ್ತದೆ. ಬಾಯಿ, ಈ ಸಲ ಅರ್ಧ ಇಟ್ಟುಕೊಂಡಿಲ್ಲ. ಪೂರ್ತಿ ಹೇಳಿದ್ದೇನೆ. ನೀವು ಬಂದು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ. ನನ್ನ ಬಾಯಿಂದ ಅದು ಹೊರಡುವುದಿಲ್ಲ.

ನಿನ್ನೆ ಬೆಳಿಗ್ಗೆ ನಾನು ತಡಮೆಯ ಮುಳ್ಳನ್ನು ಎಳೆದು ಬದಿಗೆ ಹಾಕಿದ್ದೆ. ಅಮ್ಮ ನೋಡಿ, "ಇದನ್ನು ಯಾರು ತೆಗೆದದ್ದು?" ಎಂದು ಕೇಳಿದಳು.

"ದನ ತಳ್ಳಿರಬೇಕು" ಎಂದೆ.

ಅಮ್ಮ ಕುಂಟುತ್ತಾ ಹೋಗಿ ಮುಳ್ಳನ್ನು ಮತ್ತೆ ಅಡ್ಡ ಇಟ್ಟು ಬಂದಳು. ಪತ್ರಿಕೆ ಬರುವ ದಿನ ಅದನ್ನು ಇನ್ನೊಮ್ಮೆ ತೆಗೆಯಬೇಕು.